ಎಳೆಗೂಸಿನ ಜೊತೆ ಹೊರಡುವಾಗ: ಡೈಪರ್ ಚೀಲ ಆರಿಸುವುದು, ತುಂಬುವುದು

ಕೂಸನ್ನು ಎತ್ತಿಕೊಂಡು ಮನೆಯಿಂದ ಹೊರಬಿದ್ದವರಿಗೆ ಉಳಿಯುವುದು ಒಂದೇ ಕೈ. ಡೈಪರ್ ಚೀಲದ ವಿಚಾರದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ. ಚೀಲ ಎಷ್ಟೇ ಅಂದವಾಗಿರಲಿ, ಒಳಗೆ ಎಷ್ಟೇ ಅರೆಗಳಿರಲಿ, ಮಗು ಕಿರುಚಿ ಅಳುತ್ತಿರುವಾಗ ಒಂದೇ ಕೈಯಲ್ಲಿ ತೆರೆದು ಬೇಕಾದದ್ದನ್ನು ತೆಗೆಯಲು ಬಾರದಿದ್ದರೆ ಅದು ಪ್ರಯೋಜನಕ್ಕಿಲ್ಲ. ಯಾವುದನ್ನು ಕೊಳ್ಳಬೇಕು, ಏನನ್ನು ಎಲ್ಲಿಡಬೇಕು, ಏನನ್ನು ಮನೆಯಲ್ಲೇ ಬಿಡಬೇಕು ಎಂಬ ಪ್ರಶ್ನೆಗಳಿಗೆಲ್ಲ ಈ ಒಂದು ಅಳತೆಗೋಲು ಸಾಕು.

ಮೊದಲು ಚೀಲ

ಎರಡೂ ಹೆಗಲಿಗೆ ಏರುವ ಬೆನ್ನುಚೀಲವೇ ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಹೆಗಲಿಗೆ ನೇತುಹಾಕುವ ಚೀಲ ನೋಡಲು ಚೆನ್ನ. ಆದರೆ ಮಗುವನ್ನು ಎತ್ತಿಕೊಳ್ಳಲು ಬಗ್ಗಿದೊಡನೆ ಜಾರಿ ಮುಂದೆ ಬಂದು ಮಗುವಿನ ತಲೆಗೆ ತಾಗುತ್ತದೆ. ಬಸ್ಸು ಹತ್ತುವಾಗ ಒಂದು ತೋಳಲ್ಲಿ ಕೂಸಿರುತ್ತದೆ, ಇನ್ನೊಂದು ಕೈ ಬಾಗಿಲ ಕಂಬಿಯ ಮೇಲಿರುತ್ತದೆ. ಆಗ ಚೀಲ ಬೆನ್ನಿಗೆ ಅಂಟಿಕೊಂಡು ಸುಮ್ಮನಿರಬೇಕು. ಹೆರಿಗೆಯಾಗಿ ಕೆಲವೇ ತಿಂಗಳಾದ ತಾಯಿಯ ಸೊಂಟಕ್ಕೂ ಭಾರ ಎರಡು ಹೆಗಲಿಗೆ ಹಂಚಿಹೋಗುವುದೇ ಹಿತ.

ಡೈಪರ್ ಬ್ಯಾಗ್ ಎಂಬ ಹೆಸರು ಹೊತ್ತ ಚೀಲವನ್ನೇ ದುಡ್ಡು ಕೊಟ್ಟು ತರಬೇಕೆಂದಿಲ್ಲ. ಮನೆಯಲ್ಲಿರುವ ಗಟ್ಟಿ ಕಾಲೇಜು ಬ್ಯಾಗ್‌ಗೆ ಒಳಗಿನ ಗಂಟುಗಳನ್ನು ಸರಿಯಾಗಿ ಕಟ್ಟಿಟ್ಟರೆ ಅದೂ ನಡೆಯುತ್ತದೆ. ಹೊಸದನ್ನು ಕೊಳ್ಳುವುದಾದರೆ ಅಂಗಡಿಯಲ್ಲೇ ನಿಂತು ಪರೀಕ್ಷಿಸಿ. ಎಡತೋಳಿನಲ್ಲಿ ಮಗುವನ್ನು ಎತ್ತಿಕೊಂಡು ಬಲಗೈ ಒಂದರಿಂದಲೇ ಜಿಪ್ ಎಳೆಯಿರಿ. ಜಿಪ್ ಎಲ್ಲೂ ತಡೆಯದೆ ಓಡಬೇಕು. ಬಾಯಿ ಅಗಲವಾಗಿ ತೆರೆದು ಹಾಗೆಯೇ ನಿಲ್ಲಬೇಕು. ಕೈ ತೆಗೆದೊಡನೆ ಮುಚ್ಚಿಕೊಳ್ಳುವ ಬಾಯಿಗೆ ಎರಡನೆಯ ಕೈ ಬೇಕಾಗುತ್ತದೆ. ಒಳಗಿನ ಅಸ್ತರಿ ತಿಳಿ ಬಣ್ಣದ್ದಾಗಿರಲಿ. ರಾತ್ರಿ ಬಸ್ಸಿನ ಮಂದ ಬೆಳಕಿನಲ್ಲಿ ಕಪ್ಪು ಅಸ್ತರಿಯೊಳಗೆ ಒಂದು ಕ್ರೀಮಿನ ಟ್ಯೂಬ್ ಹುಡುಕುವುದು ದೊಡ್ಡ ಕೆಲಸ. ನೆಲದ ಮೇಲಿಟ್ಟರೆ ಮಗುಚದೆ ನಿಲ್ಲಬೇಕು, ಮೇಲ್ಗಡೆ ಗಟ್ಟಿಯಾದ ಹಿಡಿಕೆಯೂ ಇರಬೇಕು. ನಮ್ಮ ಬಸ್ ನಿಲ್ದಾಣಗಳ ಶೌಚಾಲಯದಲ್ಲಿ ಒಣನೆಲ ಸಿಗುವುದು ಅಪರೂಪ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕುವುದೇ ಗತಿ.

ಖಾಲಿ ಚೀಲವೇ ಒಂದು ಕಿಲೋ ದಾಟಿದರೆ ಅಲ್ಲೇ ಬಿಟ್ಟು ಬನ್ನಿ. ಫ್ಲಾಸ್ಕು, ನೀರು, ಬಟ್ಟೆ ಸೇರಿದರೆ ಭಾರ ನೋಡುನೋಡುತ್ತಲೇ ಮೂರು ನಾಲ್ಕು ಕಿಲೋ ಆಗುತ್ತದೆ. ಪಟ್ಟಿಯನ್ನು ಉದ್ದ ಗಿಡ್ಡ ಮಾಡಲು ಬರುತ್ತದೆಯೇ ಎಂದೂ ನೋಡಿ. ಅಮ್ಮನ ಅಳತೆಗೆ ಮಾತ್ರ ಕೂರುವ ಚೀಲ ಕೊನೆಗೆ ಅಮ್ಮನ ಬೆನ್ನಿನ ಮೇಲೆಯೇ ಉಳಿದುಬಿಡುತ್ತದೆ. ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರು ಬೇಕಾದರೂ ಹೊರುವಂತಿರಬೇಕು.

ಸ್ಕೂಟರಿನಲ್ಲಿ ಹೋಗುವ ಮನೆಗಳಿಗೆ ಒಂದು ಮಾತು. ಚೀಲವನ್ನು ಹ್ಯಾಂಡಲ್‌ಗೆ ನೇತುಹಾಕಬೇಡಿ. ತಿರುವಿನಲ್ಲಿ ಅದು ತೂಗಾಡಿ ಹ್ಯಾಂಡಲನ್ನೇ ಎಳೆಯುತ್ತದೆ. 9 ತಿಂಗಳಿನಿಂದ 4 ವರ್ಷದವರೆಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ ಸುರಕ್ಷತಾ ಪಟ್ಟಿ ಮತ್ತು ಹೆಲ್ಮೆಟ್ ಕಡ್ಡಾಯ, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂದು ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಮಾಡಿದೆ. ಅದಕ್ಕಿಂತ ಚಿಕ್ಕ ಕೂಸಿಗೆ ಆಟೋ ಹಿಡಿಯುವುದೇ ಲೇಸು.

ಎಷ್ಟು ಡೈಪರ್?

ಮನೆಬಾಗಿಲಿನಿಂದ ಹೊರಟು ತಲುಪುವ ಬಾಗಿಲಿನವರೆಗಿನ ಗಂಟೆಗಳನ್ನು ಲೆಕ್ಕ ಹಾಕಿ. ಮೂರು ಗಂಟೆಗೊಂದು ಡೈಪರ್, ಅದರ ಮೇಲೆ ಎರಡು. ಎರಡು ತಿಂಗಳೊಳಗಿನ ಮಗುವಾದರೆ ಎರಡು ಗಂಟೆಗೊಂದು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ.; ಬಸ್ಸಿನಲ್ಲಿ ಏಳೆಂಟು ಗಂಟೆ ಎಂದುಕೊಂಡರೂ ಎರಡೂ ತುದಿಯ ಆಟೋ, ಕಾಯುವಿಕೆ, ಮಳೆಗಾಲವಾದರೆ ಶಿರಾಡಿ ಘಾಟಿಯ ವಾಹನಸಾಲು ಸೇರಿ ಹತ್ತು ಹನ್ನೊಂದು ಗಂಟೆ ಹಿಡಿಯಬಹುದು. ಅಲ್ಲಿಗೆ ನಾಲ್ಕು, ಮೇಲೆರಡು ಎಂದು ಆರು. ಊರು ತಲುಪಿದ ಮೇಲೆ ಬೇಕಾಗುವ ಪೊಟ್ಟಣ ದೊಡ್ಡ ಸೂಟ್‌ಕೇಸಿನಲ್ಲಿರಲಿ, ಈ ಚೀಲದಲ್ಲಿ ಬೇಡ.

ಅಳತೆಯನ್ನು ತಿಂಗಳು ನೋಡಿ ಅಲ್ಲ, ತೂಕ ನೋಡಿ ಆರಿಸಬೇಕು. ಪೊಟ್ಟಣದ ಮೇಲೆ ಕಿಲೋ ಲೆಕ್ಕ ಇರುತ್ತದೆ. ತೊಡೆಯ ಸಂದಿಯಲ್ಲಿ ಕೆಂಪು ಗೆರೆ ಮೂಡಿದ್ದರೆ ಅಥವಾ ಬೆನ್ನ ಕಡೆಯಿಂದ ಮೇಲಕ್ಕೆ ಸೋರುತ್ತಿದ್ದರೆ ಮುಂದಿನ ಅಳತೆಗೆ ಹೋಗುವ ಹೊತ್ತಾಯಿತೆಂದು ತಿಳಿಯಬಹುದು.

ಮನೆಯಲ್ಲಿ ಹಳೆಯ ಪಂಚೆಯ ಲಂಗೋಟಿಯನ್ನೇ ಕಟ್ಟುವವರು ಹೊರಗೆ ಹೋಗುವಾಗಲೂ ಅದನ್ನೇ ಬಳಸಬಹುದು. ಆಗ ಸಂಖ್ಯೆ ಇಮ್ಮಡಿಯಾಗುತ್ತದೆ, ಒದ್ದೆಯಾದದ್ದನ್ನು ಹಾಕಲು ನೀರು ಸೋರದ, ಜಿಪ್ ಇರುವ ಬೇರೆಯೇ ಚೀಲ ಬೇಕಾಗುತ್ತದೆ. ಜೂನ್, ಜುಲೈಯಲ್ಲಿ ಮಲೆನಾಡಿಗೋ ಕರಾವಳಿಗೋ ಹೊರಟಿದ್ದರೆ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ ಎಂಬುದನ್ನು ನೆನಪಿಡಿ. ಪ್ರಯಾಣಕ್ಕೆ ಡೈಪರ್, ಮನೆ ತಲುಪಿದ ಮೇಲೆ ಲಂಗೋಟಿ ಎಂಬ ಏರ್ಪಾಡು ಹಲವರಿಗೆ ಒಗ್ಗಿಬರುತ್ತದೆ.

ಬದಲಿಸುವ ಗಂಟು

ಚೀಲದ ಜೀವ ಇರುವುದು ಇದರಲ್ಲಿ. ಡೈಪರ್ ಬದಲಿಸಲು ಬೇಕಾದ ಎಲ್ಲವೂ ಒಂದೇ ಸುರುಳಿಯಲ್ಲಿರಬೇಕು; ಆ ಸುರುಳಿಯೊಂದನ್ನೇ ಕೈಗೆತ್ತಿಕೊಂಡು ಹೋದರೆ ಸಾಕಾಗಬೇಕು, ಉಳಿದ ಚೀಲ ಜೊತೆಗಿರುವವರ ಬಳಿ ಇರಲಿ.

ಮಾಡುವ ಬಗೆ ಹೀಗೆ. ಔಷಧದಂಗಡಿಯಲ್ಲಿ ಸಿಗುವ ರಬ್ಬರ್ ಶೀಟನ್ನು ಒಂದು ಮೊಳ ಅಗಲ, ಒಂದೂವರೆ ಮೊಳ ಉದ್ದಕ್ಕೆ ಕತ್ತರಿಸಿಕೊಳ್ಳಿ. ಅದನ್ನು ಹರಡಿ, ಮೇಲೆ ತೊಳೆದು ಮೆತ್ತಗಾದ ಹಳೆಯ ಹತ್ತಿ ಸೀರೆಯ ತುಂಡನ್ನು ಹಾಸಿ. ಆ ಬಟ್ಟೆಯ ಒಂದು ತುದಿಯಲ್ಲಿ ಬಳಸಿದ ಡೈಪರ್ ಸುತ್ತಲು ಮಡಿಸಿದ ಅರ್ಧ ಹಾಳೆ ದಿನಪತ್ರಿಕೆ ಮತ್ತು ಒಂದು ಸಣ್ಣ ಕವರ್ ಇಡಿ. ಅವುಗಳ ಪಕ್ಕಕ್ಕೆ ಜಿಂಕ್ ಆಕ್ಸೈಡ್ ಇರುವ ಕ್ರೀಮು, ಮುಂದೆ ಎರಡು ಡೈಪರ್, ಕೊನೆಗೆ ಒರೆಸುವ ಬಟ್ಟೆಯ ಚಿಕ್ಕ ಪೊಟ್ಟಣ. ಪತ್ರಿಕೆ ಇರುವ ತುದಿಯಿಂದ ಚಾಪೆ ಸುತ್ತುವಂತೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಬಿಚ್ಚುವಾಗ ಮೊದಲು ಕೈಗೆ ಸಿಗುವುದು ಒರೆಸುವ ಬಟ್ಟೆ, ಆಮೇಲೆ ಡೈಪರ್, ಕ್ರೀಮು, ಕಟ್ಟಕಡೆಗೆ ಪತ್ರಿಕೆ. ಅಂದರೆ ಕೆಲಸ ನಡೆಯುವ ಕ್ರಮದಲ್ಲೇ ಒಂದೊಂದಾಗಿ ಬರುತ್ತವೆ. ಒಂದು ಕೈ ಮಗುವಿನ ಎದೆಯ ಮೇಲಿದ್ದರೆ ಇನ್ನೊಂದು ಕೈ ಹುಡುಕದೆ ಕೆಲಸ ಮುಗಿಸುತ್ತದೆ.

ಒರೆಸಲು ಸುವಾಸನೆಯ ವೈಪ್ಸ್ ಬೇಡ. ಎಳೆಯ ಚರ್ಮಕ್ಕೆ ಉರಿ ಬರಬಹುದು. ಗಾಳಿಯಾಡದ ಡಬ್ಬಿಯಲ್ಲಿ ಹತ್ತಿಯ ಉಂಡೆಗಳನ್ನು ಇಟ್ಟುಕೊಂಡು, ಬೇಕಾದಾಗ ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಹೆಣ್ಣುಮಗುವಾದರೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಎಂದೂ ಹಿಂದಿನಿಂದ ಮುಂದಕ್ಕಲ್ಲ. ಮಲದ ಸೋಂಕು ಮೂತ್ರನಾಳಕ್ಕೆ ಹತ್ತದಿರಲು ಇದೇ ದಾರಿ. ಪೌಡರ್ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಅದರ ಧೂಳು ಮಗುವಿನ ಉಸಿರಿಗೆ ಹೋಗುತ್ತದೆ, ಬೆವರಿನ ಜೊತೆ ಸೇರಿ ಸಂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ.

ಬದಲಿಸುವ ಜಾಗ ನೆಲವೇ ಆಗಿರಲಿ. ರೈಲಿನ ಸೀಟು, ಆಸ್ಪತ್ರೆಯ ಬೆಂಚು, ಛತ್ರದ ಮೇಜು ಇವುಗಳಿಂದ ಮಗು ಉರುಳಿಬೀಳಲು ಒಂದು ಕ್ಷಣ ಸಾಕು. ಬೇರೆ ದಾರಿಯೇ ಇಲ್ಲದೆ ಸೀಟಿನ ಮೇಲೆ ಬದಲಿಸುವಾಗ ಮಗುವಿನ ಮೇಲಿನ ಕೈ ತೆಗೆಯಲೇಬಾರದು.

ಇನ್ನು ಬಳಸಿದ ಡೈಪರ್. ಈ ವಿಷಯದಲ್ಲಿ ನನಗೆ ನಿಜವಾಗಿಯೂ ನೋವಿದೆ. ಬಸ್ಸಿನ ಕಿಟಕಿಯಿಂದ ಘಾಟಿಗೆ ಎಸೆದದ್ದು, ಸ್ನಾನಘಟ್ಟದ ಕಲ್ಲುಸಂದಿಗೆ ಸಿಕ್ಕಿಸಿದ್ದು, ರೈಲಿನ ಶೌಚಾಲಯಕ್ಕೆ ತುರುಕಿದ್ದು ಎಲ್ಲವನ್ನೂ ಕೊನೆಗೆ ಒಬ್ಬ ಪೌರಕಾರ್ಮಿಕ ಬರಿಗೈಯಲ್ಲಿ ಎತ್ತಬೇಕಾಗುತ್ತದೆ. ಸರಿಯಾದ ಕ್ರಮ ಕಷ್ಟದ್ದೇನಲ್ಲ. ಮಲವನ್ನು ಶೌಚಾಲಯದಲ್ಲಿ ಸುರಿದು ನೀರು ಹಾಕಿ, ಡೈಪರನ್ನು ಒಳಮುಖವಾಗಿ ಮಡಿಸಿ, ಅದರದೇ ಅಂಟುಪಟ್ಟಿಯಿಂದ ಬಿಗಿದು, ಪತ್ರಿಕೆಯಲ್ಲಿ ಸುತ್ತಿ. ಬೆಂಗಳೂರಿನಲ್ಲಿ ಹಾಗೆ ಸುತ್ತಿದ ಪೊಟ್ಟಣದ ಮೇಲೆ ಕೆಂಪು ಗುರುತು ಹಾಕಿ, ಹಸಿ ಕಸ ಮತ್ತು ಒಣ ಕಸದೊಂದಿಗೆ ಬೆರೆಸದೆ ಬೇರೆಯಾಗಿ ಕೊಡುವ ಪದ್ಧತಿ ಇದೆ. ದಾರಿಯಲ್ಲಿ ಕಸದ ಡಬ್ಬಿ ಸಿಗದಿದ್ದರೆ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಚೀಲದ ಹೊರ ಅರೆಯಲ್ಲಿ ಇಟ್ಟುಕೊಂಡು ಊರು ತಲುಪಿದ ಮೇಲೆ ಹಾಕಿ. ಅದಕ್ಕೆಂದೇ ಒಂದು ಅರೆ ಮೀಸಲಿಡಿ.

ಹಾಲು ಮತ್ತು ಊಟ

ಎದೆಹಾಲು ಕುಡಿಯುವ ಆರು ತಿಂಗಳೊಳಗಿನ ಮಗುವಿಗೆ ಚೀಲದಲ್ಲಿ ಏನೂ ಬೇಡ. ನೀರೂ ಬೇಡ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲೂ ಬೇಡ. ಎದೆಹಾಲಿನಲ್ಲೇ ಮಗುವಿಗೆ ಬೇಕಾದಷ್ಟು ನೀರಿರುತ್ತದೆ, ಸೆಕೆ ಹೆಚ್ಚಿದ್ದರೆ ಹೆಚ್ಚು ಸಲ ಹಾಲೂಡಿಸಿದರಾಯಿತು. ನೀರಿನ ಬಾಟಲಿ ಬೇಕಾದದ್ದು ತಾಯಿಗೆ, ಅದೂ ದೊಡ್ಡದು. ಜೊತೆಗೆ ತೆಳುವಾದ ಹತ್ತಿಯ ಒಂದು ಶಾಲು ಇರಲಿ: ಹಾಲೂಡಿಸುವಾಗ ಮರೆಗೂ ಆಗುತ್ತದೆ, ಕಿಟಕಿಯ ಬಿಸಿಲಿಗೆ ಪರದೆಯೂ ಆಗುತ್ತದೆ. ಕೆಲವು ದೊಡ್ಡ ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಹಾಲೂಡಿಸುವ ಕೋಣೆಗಳಿವೆ. ಅದನ್ನೇ ನಂಬಿ ಹೊತ್ತು ಕಳೆಯದೆ ವಿಚಾರಣೆ ಕೌಂಟರಿನಲ್ಲಿ ಮೊದಲೇ ಕೇಳಿಬಿಡಿ.

ಹಿಂಡಿ ತೆಗೆದ ಎದೆಹಾಲು ಒಯ್ಯುವುದಾದರೆ, 25 ಡಿಗ್ರಿಗಿಂತ ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆಯವರೆಗೆ ಇಡಬಹುದು ಎಂಬ ಲೆಕ್ಕ ನಮ್ಮ ಬೇಸಿಗೆಯ ಬಸ್ಸಿಗೆ ಹೊಂದುವುದಿಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿಸಿದ ಐಸ್ ಪ್ಯಾಕ್ ಇಟ್ಟ ಶಾಖನಿರೋಧಕ ಡಬ್ಬಿಯಲ್ಲಿ 24 ಗಂಟೆಯವರೆಗೆ ಉಳಿಯುತ್ತದೆ.

ಪುಡಿಹಾಲು ಕುಡಿಯುವ ಮಗುವಿನ ವಿಷಯ ಬೇರೆ, ಅಲ್ಲಿ ಎಚ್ಚರ ಹೆಚ್ಚು ಬೇಕು. ಕಲಸಿದ ಬೆಚ್ಚಗಿನ ಹಾಲನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡು ಹೋಗುವುದು ನಮ್ಮಲ್ಲಿ ಬಹಳ ಮನೆಗಳ ರೂಢಿ. ದಯವಿಟ್ಟು ಇದನ್ನು ಮಾಡಬೇಡಿ. ಉಗುರುಬೆಚ್ಚಗಿನ ಹಾಲು ರೋಗಾಣು ಬೆಳೆಯಲು ಹೇಳಿ ಮಾಡಿಸಿದ ಜಾಗ. ಫ್ಲಾಸ್ಕಿನಲ್ಲಿ ಕುದಿಸಿದ ಬಿಸಿನೀರು ಮಾತ್ರ ಇರಲಿ, ಒಂದೊಂದು ಹೊತ್ತಿನ ಪುಡಿಯನ್ನು ಅಳೆದು ಒಣಗಿದ ಸಣ್ಣ ಡಬ್ಬಿಗಳಲ್ಲಿ ಬೇರೆ ಬೇರೆಯಾಗಿ ಹಾಕಿ, ಬೇಕೆಂದಾಗಲೇ ಕಲಸಿ. ಪುಡಿಯಲ್ಲೇ ಇರಬಹುದಾದ ರೋಗಾಣು ಸಾಯಲು ನೀರು 70 ಡಿಗ್ರಿಗೆ ಕಡಿಮೆಯಿಲ್ಲದಷ್ಟು ಬಿಸಿಯಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಲಸಿದ ಮೇಲೆ ಪಾತ್ರೆಯ ಹೊರಭಾಗವನ್ನು ತಣ್ಣೀರಿಗೆ ಹಿಡಿದು ಆರಿಸಿ, ಮುಂಗೈ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ ಕುಡಿಸಿ. ಕಲಸಿದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು; ಮಗು ಬಾಯಿಟ್ಟು ಉಳಿಸಿದ್ದನ್ನು ಆಗಲೇ ಚೆಲ್ಲಬೇಕು.

ಓಡುವ ಬಸ್ಸಿನಲ್ಲಿ, ಮಗು ಮಡಿಲಲ್ಲಿರುವಾಗ ಬಿಸಿನೀರಿನ ಫ್ಲಾಸ್ಕ್ ತೆರೆಯಲೇಬಾರದು. ಬಸ್ಸು ನಿಂತಾಗ ಮಗುವನ್ನು ಜೊತೆಗಾರರ ಕೈಗೆ ಕೊಟ್ಟು, ಒಂದು ಹೆಜ್ಜೆ ದೂರ ಸರಿದು ಕಲಸಿ. ಬಾಟಲಿ ಮತ್ತು ನಿಪ್ಪಲ್ಲನ್ನು ದಾರಿಯಲ್ಲಿ ತೊಳೆದು ಶುದ್ಧಮಾಡುವುದು ಆಗದ ಮಾತು. ಮೂತಿಯಿರುವ ಸ್ಟೀಲ್ ಒಳಲೆ ಅಥವಾ ಸಣ್ಣ ಲೋಟ, ಚಮಚವಾದರೆ ಮನೆಯಲ್ಲೇ ಕುದಿಸಿ ಮುಚ್ಚಳದ ಡಬ್ಬಿಯಲ್ಲಿ ಎರಡು ಮೂರು ಜೊತೆ ಇಟ್ಟುಕೊಳ್ಳಬಹುದು. ಅಜ್ಜಿಯರು ಒಳಲೆಯನ್ನು ಬಿಡದೆ ಹಿಡಿದುಕೊಂಡು ಬಂದದ್ದು ಸುಮ್ಮನೆ ಅಲ್ಲ. ಅದರಲ್ಲಿ ಕೊಳೆ ಅಡಗಲು ಸಂದಿಯೇ ಇಲ್ಲ.

ಆರು ತಿಂಗಳು ದಾಟಿದ ಮಗುವಿಗೆ ಪ್ರಯಾಣದಲ್ಲಿ ಏಲಕ್ಕಿ ಬಾಳೆಹಣ್ಣಿನಷ್ಟು ಉಪಕಾರಿ ಬೇರೊಂದಿಲ್ಲ. ಸಿಪ್ಪೆಯೊಳಗೆ ಶುದ್ಧವಾಗಿರುತ್ತದೆ, ಚಮಚದಲ್ಲೇ ಕಿವುಚಿ ತಿನ್ನಿಸಬಹುದು. ರಾಗಿ ಸರಿ ಬೇಕೆಂದಿದ್ದರೆ ಹೊರಡುವ ಮುಂಚೆ ಮನೆಯಲ್ಲೇ ತಿನ್ನಿಸಿಬಿಡಿ. ಬೇಯಿಸಿ ಡಬ್ಬಿಗೆ ಹಾಕಿದ ಸರಿ ಸೆಕೆಯಲ್ಲಿ ಬೇಗ ಹುಳಿಯುತ್ತದೆ. ಹೋಟೆಲಿನಲ್ಲಿ ಹಬೆಯಾಡುತ್ತಿರುವ ಇಡ್ಲಿ ಸಿಕ್ಕರೆ ಅದರ ನಡುವಿನ ಮೆತ್ತನೆಯ ಭಾಗ ಮಗುವಿಗೆ ಸಾಕು, ಚಟ್ನಿ ಸಾಂಬಾರ್ ಬೇಡ. ಕಡಲೆಬೀಜ, ಮಂಡಕ್ಕಿ, ದ್ರಾಕ್ಷಿಯಂಥವು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ, ಕುಲುಕುವ ಬಸ್ಸಿನಲ್ಲಂತೂ ಕೊಡಲೇಬೇಡಿ. ದೇವಸ್ಥಾನಕ್ಕೆ ಹೋದವರು ಇನ್ನೊಂದನ್ನು ಗಮನಿಸಬೇಕು: ಪಂಚಾಮೃತದಲ್ಲಿ ಜೇನುತುಪ್ಪವಿರುತ್ತದೆ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಅಪಾಯಕಾರಿ, ಬಾಟ್ಯುಲಿಸಂ ಎಂಬ ಕಾಯಿಲೆ ತರಬಹುದು. ಪ್ರಸಾದವನ್ನು ಭಕ್ತಿಯಿಂದ ತೆಗೆದುಕೊಂಡು ಮಗುವಿನ ಪಾಲನ್ನೂ ತಾಯಿಯೇ ಸ್ವೀಕರಿಸಲಿ.

ಬಟ್ಟೆ

ಮಗುವಿಗೆ ಎರಡು ಜೊತೆ, ಮೈಮೇಲಿರುವುದನ್ನು ಬಿಟ್ಟು. ಒಂದೊಂದು ಜೊತೆಯನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿದರೆ, ಒಂದನ್ನು ತೆಗೆದ ಕವರಿಗೇ ಒದ್ದೆಯಾದದ್ದು ಹೋಗುತ್ತದೆ. ತಲೆಯಿಂದ ಇಳಿಸುವ ಅಂಗಿಗಿಂತ ಮುಂದೆ ಗುಂಡಿ ಅಥವಾ ಲಾಡಿ ಇರುವ ಜಬಲಾ ಒಳ್ಳೆಯದು; ಕೊಳೆಯಾದ ಅಂಗಿಯನ್ನು ಮುಖದ ಮೇಲೆ ಎಳೆಯಬೇಕಾಗುವುದಿಲ್ಲ. ಒಂದು ಕುಲಾವಿ, ಒಂದು ಜೊತೆ ಸಾಕ್ಸ್ ಯಾವ ಕಾಲಕ್ಕೂ ಇರಲಿ, ಎ.ಸಿ. ಬಸ್ಸಿನ ತಣ್ಣನೆಯ ಗಾಳಿ ನೇರ ತಲೆಗೆ ಬಡಿಯುತ್ತದೆ.

ಎಲ್ಲರೂ ಮರೆಯುವುದು ತಾಯಿಯ ಮೇಲ್ಬಟ್ಟೆಯನ್ನು. ಘಾಟಿಯ ತಿರುವಿನಲ್ಲಿ ಮಗು ಕಕ್ಕಿದರೆ ಅದು ಬೀಳುವುದು ಎತ್ತಿಕೊಂಡವರ ಮೇಲೆ. ಹುಳಿ ವಾಸನೆಯ ಕುರ್ತಾದಲ್ಲಿ ಮುಂದಿನ ಐದು ಗಂಟೆ ಕೂರುವ ಕಷ್ಟ ಯಾರಿಗೂ ಬೇಡ. ಒಂದು ತೆಳು ಕುರ್ತಾ ಮಡಿಸಿ ತಳದಲ್ಲಿಡಿ. ಸಕಲೇಶಪುರ ದಾಟುವ ಅರ್ಧ ಗಂಟೆ ಮೊದಲೇ ಹಾಲೂಡಿಸಿ ತೇಗಿಸಿಬಿಟ್ಟರೆ ಆ ಕುರ್ತಾ ಹೊರಗೆ ಬರದೆಯೂ ಇರಬಹುದು.

ಮುಂದಿನ ಅರೆ

ಇಲ್ಲಿ ಕಾಗದಪತ್ರ ಮತ್ತು ಔಷಧ ಮಾತ್ರ. ತಾಯಿ ಕಾರ್ಡ್ ಅಥವಾ ಲಸಿಕೆ ಪುಸ್ತಕ, ವೈದ್ಯರ ಚೀಟಿ, ಅವೆರಡರ ಫೋಟೋ ಮೊಬೈಲಿನಲ್ಲಿ. ಶಕ್ತಿ ಯೋಜನೆಯಡಿ ಬಸ್ಸಿನಲ್ಲಿ ಹೋಗುವ ತಾಯಿಯ ಗುರುತಿನ ಚೀಟಿಯೂ ಇಲ್ಲೇ ಇರಲಿ, ಕಂಡಕ್ಟರ್ ಬಂದಾಗ ಮಗುವನ್ನು ಎಬ್ಬಿಸದೆ ತೆಗೆಯಲು.

ಔಷಧದಲ್ಲಿ ಥರ್ಮಾಮೀಟರ್, ವೈದ್ಯರು ಈ ಮಗುವಿಗೆ ಬರೆದುಕೊಟ್ಟ ಪ್ಯಾರಾಸಿಟಮಾಲ್, ಒಂದು ಓಆರ್‌ಎಸ್ ಪೊಟ್ಟಣ. ಪ್ಯಾರಾಸಿಟಮಾಲ್ ಹನಿಗೂ ಸಿರಪ್ಪಿಗೂ ಸಾಂದ್ರತೆಯಲ್ಲಿ ಬಹಳ ವ್ಯತ್ಯಾಸ. ಎಷ್ಟು ಮಿಲಿಲೀಟರ್ ಎಂಬುದನ್ನು ಬಾಟಲಿಯ ಮೇಲೆಯೇ ಬರೆದು ಅಂಟಿಸಿ, ಅಜ್ಜಿ ಕೊಟ್ಟರೂ ತಪ್ಪಾಗಬಾರದು. ಓಆರ್‌ಎಸ್ 200 ಮಿ.ಲೀ. ಅಳತೆಯ ಪೊಟ್ಟಣ ಕೇಳಿ ತನ್ನಿ. ಒಂದು ಲೀಟರಿನ ಪೊಟ್ಟಣವನ್ನು ಅಂದಾಜಿನಲ್ಲಿ ಅರ್ಧ, ಕಾಲು ಎಂದು ಹಾಕಿದರೆ ಉಪ್ಪಿನ ಪ್ರಮಾಣ ಕೆಡುತ್ತದೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಹೆಚ್ಚು ಜ್ವರವಿದ್ದರೆ ಚೀಲದ ಔಷಧವನ್ನು ನೆಚ್ಚಿಕೊಳ್ಳದೆ ಪ್ರಯಾಣ ನಿಲ್ಲಿಸಿ ಹತ್ತಿರದ ಆಸ್ಪತ್ರೆಗೆ ಹೋಗಿ. ಶೀತಕ್ಕೆಂದು ಕರ್ಪೂರದ ಗಂಟನ್ನು ಚೀಲಕ್ಕೋ ಕೊರಳಿಗೋ ಕಟ್ಟಬೇಡಿ. ಮಗು ಬಾಯಿಗೆ ಹಾಕಿಕೊಂಡರೆ ಕರ್ಪೂರ ಫಿಟ್ಸ್ ತರಿಸುವ ವಿಷ.

ಲಸಿಕೆಗೆ, ಮದುವೆಗೆ

ಆರು, ಹತ್ತು, ಹದಿನಾಲ್ಕು ವಾರಗಳ ಲಸಿಕೆಗೆ ಹೋಗುವಾಗ ಚೀಲ ಅರ್ಧ ಖಾಲಿಯಿದ್ದರೂ ನಡೆಯುತ್ತದೆ. ಎರಡು ಡೈಪರ್, ಒಂದು ಜೊತೆ ಬಟ್ಟೆ, ತಾಯಿ ಕಾರ್ಡ್. ಸೂಜಿ ಹೆಚ್ಚಾಗಿ ತೊಡೆಗೆ ಬೀಳುವುದರಿಂದ ಕಾಲು ಸಲೀಸಾಗಿ ತೆರೆಯುವ ಉಡುಪು ತೊಡಿಸಿ. ಚುಚ್ಚುವಾಗ ಹಾಲೂಡಿಸುತ್ತಿದ್ದರೆ ನೋವು ಕಡಿಮೆಯಾಗುತ್ತದೆ, ಆದ್ದರಿಂದ ತಾಯಿಯ ಉಡುಪೂ ಅದಕ್ಕೆ ತಕ್ಕಂತಿರಲಿ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು.

ಮದುವೆಯ ಛತ್ರದಲ್ಲಿ ತೊಂದರೆ ಬೇರೆ ಬಗೆಯದು. ವಾಲಗ, ಹೋಮದ ಹೊಗೆ, ಒಬ್ಬರಿಂದ ಒಬ್ಬರಿಗೆ ದಾಟಿಹೋಗುವ ಕೂಸು. ಕೋಣೆಯ ಮಂಚದ ಮೇಲೆ ಸೀರೆ, ಸಂಚಿಗಳ ರಾಶಿ ಬಿದ್ದಿರುತ್ತದೆ, ಎಲ್ಲ ಚೀಲಗಳೂ ಒಂದೇ ತರಹ ಕಾಣುತ್ತವೆ. ನಿಮ್ಮ ಚೀಲದ ಹಿಡಿಕೆಗೆ ಕಣ್ಣಿಗೆ ಹೊಡೆಯುವ ಬಣ್ಣದ ದಾರವೊಂದನ್ನು ಕಟ್ಟಿ. ಮಗುವನ್ನು ಎತ್ತಿಕೊಳ್ಳಲು ಬಂದವರಿಗೆ "ಅತ್ತೆ, ಸ್ವಲ್ಪ ಕೈ ತೊಳೆದುಕೊಂಡು ಬನ್ನಿ" ಎಂದು ಹೇಳಲು ಸಂಕೋಚಪಡಬೇಡಿ. ಸ್ಯಾನಿಟೈಸರ್ ಇದ್ದರೆ ಹೊರ ಅರೆಯಲ್ಲಿಡಿ, ಮಗುವಿನ ಕೈಗೆ ಎಟುಕದಂತೆ.

ಮನೆಯಲ್ಲೇ ಬಿಡಬೇಕಾದದ್ದು

ಸದ್ದು ಮಾಡುವ, ಗುಂಡಿ ಬ್ಯಾಟರಿಯ ಆಟಿಕೆ ಬೇಡ. ಬ್ಯಾಟರಿ ಹೊರಬಿದ್ದು ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ. ಒಂದು ಬಟ್ಟೆಯ ಗೊಂಬೆ ಸಾಕು. ಇಡೀ ಬಾಟಲಿ ಎಣ್ಣೆ, ಶಾಂಪೂ, ದಪ್ಪ ಕಂಬಳಿ, ಐದಾರು ಜೊತೆ ಅಲಂಕಾರದ ಬಟ್ಟೆ, ಇವುಗಳ ಜಾಗ ಸೂಟ್‌ಕೇಸು.

ಮರಳಿ ಬಂದ ಸಂಜೆ

ಮನೆ ಸೇರಿದ ದಿನವೇ ಚೀಲವನ್ನು ನೆಲಕ್ಕೆ ಸುರಿದುಬಿಡಿ. ಒದ್ದೆ ಬಟ್ಟೆ ಒಗೆಯಲು, ರಬ್ಬರ್ ಶೀಟು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಲು, ಫ್ಲಾಸ್ಕು ತೆರೆದಿಡಲು. ಖಾಲಿಯಾದದ್ದನ್ನು ಮಾರನೆಯ ಬೆಳಿಗ್ಗೆ ತುಂಬಿ, ಸುರುಳಿಯನ್ನು ಮತ್ತೆ ಕಟ್ಟಿ, ಚೀಲವನ್ನು ಬಾಗಿಲ ಹತ್ತಿರದ ಗೂಟಕ್ಕೆ ನೇತುಹಾಕಿ. ಮಧ್ಯರಾತ್ರಿ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಯಾರೂ ಹುಡುಕಾಡುವ ಹಾಗಿರಬಾರದು. ಲಸಿಕೆಯ ತಾರೀಕು ಬಂದಾಗಲೆಲ್ಲ ಒಳಗಿನ ಅಂಗಿ ಮಗುವಿಗೆ ಇನ್ನೂ ಆಗುತ್ತದೆಯೇ, ಡೈಪರ್ ಅಳತೆ ಸರಿಯೇ, ಔಷಧದ ಅವಧಿ ಮುಗಿದಿದೆಯೇ ಎಂದು ನೋಡಿ. ಮಗುವಿನ ತೂಕ ಏರಿದಂತೆ ಬಾಟಲಿಯ ಮೇಲೆ ಅಂಟಿಸಿದ ಪ್ಯಾರಾಸಿಟಮಾಲ್ ಪ್ರಮಾಣವನ್ನೂ ಅಂದೇ ವೈದ್ಯರಲ್ಲಿ ಕೇಳಿ ಬದಲಿಸಿಕೊಳ್ಳಿ.